ಮನೆಯ ಪಿಸಿಬಿಗೆ (ಸರ್ಕ್ಯೂಟ್ ಬೋರ್ಡಿಗೆ) ಪೇಸ್ಟ್ ಹಾಕುವ, ಬಿಡಿಭಾಗ ಕೂರಿಸುವ ಯಂತ್ರ: ಯಾವುದನ್ನು ಮೊದಲು ಮಾಡಬೇಕು?

ಪ್ರಶ್ನೆ: ಸರ್, ನಾನು ತಿಪಟೂರು ಕಡೆಯವನು. ತೆಂಗಿನ ತೋಟಗಳ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಮಾಡಿ ಮಾರುತ್ತೇನೆ. ಬೋರ್ಡನ್ನು ಟೋನರ್ ಟ್ರಾನ್ಸ್‌ಫರ್ ವಿಧಾನದಲ್ಲಿ, ಅಂದರೆ ಲೇಸರ್ ಪ್ರಿಂಟ್ ತೆಗೆದ ಚಿತ್ರವನ್ನು ಬಿಸಿಯಿಂದ ತಾಮ್ರಕ್ಕೆ ಇಳಿಸಿ, ಬೇಡದ ತಾಮ್ರವನ್ನು ಫೆರಿಕ್ ಕ್ಲೋರೈಡ್‌ನಲ್ಲಿ ಕರಗಿಸಿ (ಎಚ್ ಮಾಡಿ) ಮನೆಯಲ್ಲೇ ತಯಾರಿಸುತ್ತೇನೆ. ಒಂದು ಬೋರ್ಡಿಗೆ 45 ಎಸ್‌ಎಂಡಿ (ಬೋರ್ಡಿನ ಮೇಲ್ಮೈಗೇ ಬೆಸೆಯುವ) ಬಿಡಿಭಾಗ. ಹೆಚ್ಚಿನವು 0805 ಗಾತ್ರದ ರೆಸಿಸ್ಟರ್, ಕೆಪ್ಯಾಸಿಟರ್. ಜೊತೆಗೆ ಒಂದು ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್, ಮೊಬೈಲ್ ಸಂಪರ್ಕಕ್ಕೆ ಒಂದು ಜಿಎಸ್‌ಎಂ ಮಾಡ್ಯೂಲ್. ಒಂದು ಸಲಕ್ಕೆ 25 ಬೋರ್ಡ್ ಮಾಡುತ್ತೇನೆ. ಕೈಯಲ್ಲಿ ಸಿರಿಂಜ್ ಹಿಡಿದು ಸೋಲ್ಡರ್ ಪೇಸ್ಟ್ (ಬೆಸುಗೆಯ ಲೇಪ) ಇಟ್ಟು, ಚಿಮುಟದಿಂದ ಒಂದೊಂದಾಗಿ ಕೂರಿಸಿ ಕಣ್ಣು, ಕುತ್ತಿಗೆ ಎರಡೂ ಹೋಗುತ್ತಿವೆ. ಹಾಸಿಗೆ ಹಿಂದೆ ಮುಂದೆ ಚಲಿಸುವ ಹಳೆಯ 3ಡಿ ಪ್ರಿಂಟರ್ ಒಂದಿದೆ. ಅದರ ತಲೆಗೆ ಸಿರಿಂಜ್ ಕಟ್ಟಿ ಮೋಟರ್‌ನಿಂದ ಪೇಸ್ಟ್ ಒತ್ತಿಸಿ, ಆಮೇಲೆ ಅದೇ ತಲೆಗೆ ವ್ಯಾಕ್ಯೂಮ್ ಸೂಜಿ ಹಾಕಿ ಬಿಡಿಭಾಗ ಕೂರಿಸಬಹುದೇ? ಎಷ್ಟು ನಿಖರತೆ ಬೇಕು?

ಉತ್ತರ: ಮಾಡಬಹುದು. ಆದರೆ ಎರಡು ಕೆಲಸಗಳಿಗೂ ಒಂದೇ ತೂಕ ಕೊಟ್ಟಿದ್ದೀರಿ, ತೊಡಕು ಇರುವುದು ಅಲ್ಲಿ. ಸಿರಿಂಜ್ ಒತ್ತುವುದು ಸುಲಭ, ಬಿಡಿಭಾಗ ಹೆಕ್ಕಿ ಕೂರಿಸುವುದು ಕಷ್ಟ ಎಂದು ಹೊರಗಿನಿಂದ ನೋಡಿದವರಿಗೆ ಅನಿಸುತ್ತದೆ. ನಿಮ್ಮ ಬೋರ್ಡಿನ ಮಟ್ಟಿಗೆ ಅದು ತಿರುಗುಮುರುಗು. ಪೇಸ್ಟ್‌ಗೆ ಯಂತ್ರ ಮಾಡಲು ಹೋಗಬೇಡಿ, ಸ್ಟೆನ್ಸಿಲ್ (ಪೇಸ್ಟ್ ಬೀಳಬೇಕಾದಲ್ಲಷ್ಟೇ ಕಿಂಡಿ ಇರುವ ತೆಳು ತಗಡು) ಮಾಡಿಕೊಳ್ಳಿ. ಕೂರಿಸುವುದಕ್ಕೆ ಯಂತ್ರ ಮಾಡಿ, ಅದೂ ಅರ್ಧ ಯಂತ್ರ. ಯಾಕೆ ಎಂಬುದನ್ನು ಲೆಕ್ಕದಲ್ಲೇ ನೋಡೋಣ.

0805 ರೆಸಿಸ್ಟರ್‌ನ ಒಂದು ಪ್ಯಾಡ್ (ಅದನ್ನು ಬೆಸೆಯುವ ತಾಮ್ರದ ಜಾಗ) ಸುಮಾರು 1 ಮಿ.ಮೀ. ಅಗಲ, 1.4 ಮಿ.ಮೀ. ಉದ್ದ ಇರುತ್ತದೆ. ಅದರ ಮೇಲೆ 0.1 ಮಿ.ಮೀ. ದಪ್ಪಕ್ಕೆ ಪೇಸ್ಟ್ ಬೇಕು, ಅಂದರೆ 0.14 ಘನ ಮಿ.ಮೀ. 10 ಮಿ.ಲೀ. ಸಿರಿಂಜ್‌ನ ಒಳವ್ಯಾಸ 15.5 ಮಿ.ಮೀ. ಎಂದು ಹಿಡಿದರೆ ಒಳಗಿನ ವೃತ್ತದ ವಿಸ್ತೀರ್ಣ ಸುಮಾರು 189 ಚದರ ಮಿ.ಮೀ. ಭಾಗಿಸಿ ನೋಡಿ: ಒಂದು ಪ್ಯಾಡಿಗೆ ಪಿಸ್ಟನ್ ಮುಂದೆ ಸರಿಯಬೇಕಾದದ್ದು ಮುಕ್ಕಾಲು ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ)! 3ಡಿ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ, ಒಂದು ಸುತ್ತಿಗೆ 8 ಮಿ.ಮೀ. ಸಾಗುವ ಸ್ಕ್ರೂ ಹಾಕಿದರೆ, ಸುತ್ತಿಗೆ 3200 ಮೈಕ್ರೋಸ್ಟೆಪ್ ಲೆಕ್ಕದಲ್ಲಿ ಒಂದು ಹೆಜ್ಜೆಗೇ 2.5 ಮೈಕ್ರಾನ್. ಮೋಟರ್ ಇಡಬಹುದಾದ ಅತಿ ಚಿಕ್ಕ ಹೆಜ್ಜೆಯೇ ಮೂರು ಪ್ಯಾಡಿಗೆ ಆಗುವಷ್ಟು ಪೇಸ್ಟ್ ಹೊರಗೆ ತಳ್ಳುತ್ತದೆ.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. 0.8 ಮಿ.ಮೀ. ಪಿಚ್‌ನ ಎಂ5 ಥ್ರೆಡ್ ರಾಡ್‌ಗೆ 28ಬಿವೈಜೆ-48 ಎಂಬ ಪುಟ್ಟ ಗೇರ್ ಮೋಟರ್ ಜೋಡಿಸಿದರೆ ಅದು ಸುತ್ತಿಗೆ 2048 ಹೆಜ್ಜೆ ಇಡುತ್ತದೆ, ಹೆಜ್ಜೆಗೆ 0.4 ಮೈಕ್ರಾನ್. ಕಾಗದದ ಮೇಲೆ ಗೆದ್ದಿರಿ. ಆದರೆ ಸಿರಿಂಜ್‌ನ ಒಳಗಿರುವ ರಬ್ಬರ್ ಪಿಸ್ಟನ್‌ಗೆ ನಿಮ್ಮ ಗಣಿತ ಗೊತ್ತಿಲ್ಲ. ಅದು ಗೋಡೆಗೆ ಅಂಟಿಕೊಂಡು ನಿಂತಿರುತ್ತದೆ, ಒತ್ತಡ ಕೂಡಿದ ಮೇಲೆ ಒಮ್ಮೆಲೇ ಜಾರುತ್ತದೆ. ಮೊದಲ ಐದಾರು ಪ್ಯಾಡಿಗೆ ಏನೂ ಬರುವುದಿಲ್ಲ, ಏಳನೆಯದಕ್ಕೆ ಎಲ್ಲ ಸೇರಿ ಬರುತ್ತದೆ. ಪೇಸ್ಟ್ ತುಂಬುವಾಗ ಒಳಗೆ ಉಳಿದ ಒಂದು ಸಣ್ಣ ಗಾಳಿಗುಳ್ಳೆ ಸ್ಪ್ರಿಂಗ್ ಥರ ಕುಗ್ಗಿ ಹಿಗ್ಗಿ ಇದನ್ನು ಇನ್ನಷ್ಟು ಕೆಡಿಸುತ್ತದೆ. ಮೆಹಂದಿ ಕೋನ್ ಹಿಡಿದವರನ್ನು ಕೇಳಿ, ಒತ್ತುವುದು ನಿಲ್ಲಿಸಿದ ಮೇಲೂ ತುದಿಯಲ್ಲಿ ಒಂದಿಷ್ಟು ಉಬ್ಬಿ ಬರುವುದು ಅವರಿಗೆ ಗೊತ್ತು. ಮೋಟರ್ ಹಿಂದಕ್ಕೆ ತಿರುಗಿಸಿ ಇದನ್ನು ತಡೆಯಬಹುದು. ಎಷ್ಟು ಹಿಂದಕ್ಕೆ ಎಂಬುದು ಸಿರಿಂಜ್ ಎಷ್ಟು ತುಂಬಿದೆ, ಕೋಣೆ ಎಷ್ಟು ಬಿಸಿಯಿದೆ ಎಂಬುದರ ಮೇಲೆ ಬದಲಾಗುತ್ತಲೇ ಇರುತ್ತದೆ.

ಪೇಸ್ಟ್ ಕೂಡ ಒಂದು ದ್ರವವಲ್ಲ. ಅದು ಫ್ಲಕ್ಸ್ ಎಂಬ, ಬೆಸುಗೆ ಹಿಡಿಯಲು ನೆರವಾಗುವ ಅಂಟಿನಲ್ಲಿ ತೇಲುವ ಲೋಹದ ಪುಟ್ಟ ಗುಂಡುಗಳು. ಸ್ಟೆನ್ಸಿಲ್‌ಗೆಂದು ಮಾರುವ ಪೇಸ್ಟ್‌ನಲ್ಲಿ ತೂಕದ ಲೆಕ್ಕದಲ್ಲಿ 88ರಿಂದ 90 ಶೇಕಡಾ ಲೋಹ, ಗಾತ್ರದ ಲೆಕ್ಕದಲ್ಲಿ ಸರಿಸುಮಾರು ಅರ್ಧ. ಟೈಪ್ 3 ಎಂಬುದರಲ್ಲಿ ಗುಂಡುಗಳು 25ರಿಂದ 45 ಮೈಕ್ರಾನ್, ಟೈಪ್ 4ರಲ್ಲಿ 20ರಿಂದ 38. ಸೂಜಿಯ ತೂತು ದೊಡ್ಡ ಗುಂಡಿನ ಕನಿಷ್ಠ ಏಳೆಂಟು ಪಟ್ಟು, ಹತ್ತು ಪಟ್ಟಿದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಗುಂಡುಗಳು ಬಾಯಲ್ಲಿ ಕಮಾನಿನಂತೆ ಸಿಕ್ಕಿಕೊಂಡು ಫ್ಲಕ್ಸ್ ಮಾತ್ರ ಹೊರಗೆ ಸೋರುತ್ತದೆ. ಹಿಂದೆ ಉಳಿದ ಪುಡಿ ಒಣಗಿ ಸಿಮೆಂಟಿನಷ್ಟು ಗಟ್ಟಿಯಾಗುತ್ತದೆ, ಆಮೇಲೆ ಮೋಟರ್ ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಟೈಪ್ 4 ಪೇಸ್ಟ್‌ಗೆ 22 ಗೇಜ್ ಸೂಜಿ, ಅಂದರೆ 0.41 ಮಿ.ಮೀ. ತೂತು ಸರಿಹೋಗುತ್ತದೆ. 25 ಗೇಜ್‌ನ 0.25 ಮಿ.ಮೀ.ಗೆ ಹೋದರೆ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಸೂಜಿ ನೇರ ಲೋಹದ್ದಾಗುವುದಕ್ಕಿಂತ ಶಂಕುವಿನಾಕಾರದ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು.

ಹಾಗಾದರೆ ಪೇಸ್ಟ್ ಚುಕ್ಕಿ ಇಡುವ ಯಂತ್ರಗಳೇ ಇಲ್ಲವೇ ಎಂದು ಕೇಳುತ್ತೀರಿ. ಧಾರಾಳ ಇವೆ. ಕಾರ್ಖಾನೆಗಳಲ್ಲಿ ಪಿಸ್ಟನ್ ಹಿಂದೆ ಗಾಳಿಯ ಒತ್ತಡ ಕೊಟ್ಟು, ವಾಲ್ವ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಎಂದು ಹೇಳುವ ವಿಧಾನ ಹಳೆಯದು. ಒತ್ತಡ 2ರಿಂದ 4 ಬಾರ್ ಬೇಕು, ಅಕ್ವೇರಿಯಂ ಪಂಪ್‌ಗೆ ಅದು ಆಗದ ಮಾತು. ಹಳೆಯ ಫ್ರಿಜ್ ಕಂಪ್ರೆಸರ್‌ಗೆ ಒಂದು ಟ್ಯಾಂಕ್, ರೆಗ್ಯುಲೇಟರ್ ಕಟ್ಟಿಕೊಂಡರೆ ನಡೆಯುತ್ತದೆ. ವಾಲ್ವ್ ಮೂರು ಬಾಯಿಯದಾಗಿರಲಿ. ಮುಚ್ಚಿದ ಕ್ಷಣ ಸಿರಿಂಜ್‌ನೊಳಗಿನ ಗಾಳಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ತೊಟ್ಟಿಕ್ಕುತ್ತಲೇ ಇರುತ್ತದೆ. ಇದಕ್ಕಿಂತ ನೆಚ್ಚಿಕೊಳ್ಳಬಹುದಾದದ್ದು ಆಗರ್ ಎಂಬ ತಿರುಪಿನ ವ್ಯವಸ್ಥೆ. ಗಾಳಿ ಸಣ್ಣ ಒತ್ತಡದಲ್ಲಿ ಪೇಸ್ಟನ್ನು ತಿರುಪಿನ ಬಾಯಿಗೆ ತಲುಪಿಸುತ್ತದೆ, ತಿರುಪು ಎಷ್ಟು ತಿರುಗಿತೋ ಅಷ್ಟೇ ಹೊರಗೆ. ಮನೆಯಲ್ಲಿ ಅಂಥ ತಿರುಪು ಮಾಡಲು ಒಳ್ಳೆಯ ಲೇತ್ ಕೆಲಸ ಬೇಕು.

2015ರಲ್ಲಿ ಕೆನಡಾದ ವಾಟರ್ಲೂವಿನ ವೋಲ್ಟೆರಾ ಕಂಪನಿ ಕಿಕ್‌ಸ್ಟಾರ್ಟರ್ ಮೂಲಕ ಜನರ ಮುಂದಿಟ್ಟ ವಿ-ಒನ್ ಎಂಬ ಮೇಜಿನ ಯಂತ್ರ ಬೆಳ್ಳಿಯ ಶಾಯಿಯಲ್ಲಿ ಸರ್ಕ್ಯೂಟ್ ಬಿಡಿಸುವುದಲ್ಲದೆ ಪ್ಯಾಡ್‌ಗಳ ಮೇಲೆ ಪೇಸ್ಟನ್ನೂ ಇಡುತ್ತದೆ. ಅದರಲ್ಲಿ ಗಮನಿಸಬೇಕಾದ ಜಾಣತನ ಒಂದಿದೆ. ಪೇಸ್ಟ್ ಮುಟ್ಟುವ ಮೊದಲು ಒಂದು ಪ್ರೋಬ್‌ನಿಂದ ಬೋರ್ಡಿನ ಎತ್ತರವನ್ನು ಜಾಗ ಜಾಗದಲ್ಲಿ ಅಳೆದುಕೊಳ್ಳುತ್ತದೆ. ಸೂಜಿಗೂ ಬೋರ್ಡಿಗೂ ನಡುವಿನ ಅಂತರ ಸೂಜಿಯ ತೂತಿನ ಅರ್ಧದಷ್ಟು ಇರಬೇಕು, ನಮ್ಮ 22 ಗೇಜ್‌ಗೆ 0.2 ಮಿ.ಮೀ. ಬೋರ್ಡ್ ಸ್ವಲ್ಪ ಸೊಟ್ಟಗಿದ್ದರೆ ಒಂದು ಮೂಲೆಯಲ್ಲಿ ಸೂಜಿ ತಾಮ್ರಕ್ಕೆ ತಾಗುತ್ತದೆ, ಇನ್ನೊಂದು ಮೂಲೆಯಲ್ಲಿ ಪೇಸ್ಟ್ ಬೋರ್ಡ್ ಮುಟ್ಟದೆ ಸೂಜಿಗೇ ಸುತ್ತಿಕೊಳ್ಳುತ್ತದೆ. ನಿಮ್ಮ ಪ್ರಿಂಟರ್‌ನಲ್ಲಿ ಹಾಸಿಗೆಯ ಮಟ್ಟ ಅಳೆಯುವ ಪ್ರೋಬ್ ಇದ್ದರೆ ಅದೇ ಕೆಲಸ ಅದರಿಂದಲೂ ಆಗುತ್ತದೆ.

ಇಷ್ಟೆಲ್ಲ ಮಾಡಿ ಗೆದ್ದಿರಿ ಎಂದುಕೊಳ್ಳಿ. ಮಾಡ್ಯೂಲ್ ಬಿಟ್ಟರೂ ನಿಮ್ಮ ಬೋರ್ಡಿಗೆ ಸುಮಾರು 120 ಪ್ಯಾಡ್. 25 ಬೋರ್ಡಿಗೆ 3000 ಚುಕ್ಕಿ. ಚುಕ್ಕಿಗೆ ಒಂದೂವರೆ ಸೆಕೆಂಡ್ ಹಿಡಿದರೆ ಒಂದೂಕಾಲು ಗಂಟೆ, ನಡುವೆ ಸೂಜಿ ಕಟ್ಟದಿದ್ದರೆ. ಸ್ಟೆನ್ಸಿಲ್‌ನಲ್ಲಿ ಒಂದು ಬೋರ್ಡಿಗೆ ಒಂದು ನಿಮಿಷ, ಒರೆಸುವುದೂ ಸೇರಿ ಹೆಚ್ಚೆಂದರೆ ಎರಡು ನಿಮಿಷ. ಒಂದೇ ಎಳೆತಕ್ಕೆ 120 ಪ್ಯಾಡಿಗೂ ಒಂದೇ ದಪ್ಪ. ಮೂಗಿಗಿಂತ ಮೂಗುತಿ ಭಾರ ಯಾಕೆ? ಸಿರಿಂಜ್ ಯಂತ್ರಕ್ಕೆ ಅರ್ಥ ಇರುವುದು ಪ್ರತಿ ಸಲ ಬೇರೆ ಬೇರೆ ಬೋರ್ಡ್ ಮಾಡುವವರಿಗೆ, ಇಲ್ಲವೇ ಈಗಾಗಲೇ ಬಿಡಿಭಾಗ ಕೂತಿರುವ ಬೋರ್ಡಿನ ರಿಪೇರಿಗೆ. ಅಲ್ಲಿ ಸ್ಟೆನ್ಸಿಲ್ ಸಮತಟ್ಟಾಗಿ ಕೂರುವುದಿಲ್ಲ.

ಸ್ಟೆನ್ಸಿಲ್ ವಿಷಯದಲ್ಲಿ ನಿಮ್ಮಂಥ ಮನೆ ಬೋರ್ಡಿನವರು ಒಂದು ಕಡೆ ಎಡವುತ್ತಾರೆ. ಲೇಸರ್ ಪ್ರಿಂಟರ್ ಕಾಗದವನ್ನು ಬಿಸಿ ರೋಲರ್ ನಡುವೆ ಎಳೆಯುವಾಗ ಚಿತ್ರ ಸ್ವಲ್ಪ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಅದೂ ಉದ್ದಕ್ಕೆ ಒಂದು ಪ್ರಮಾಣ, ಅಗಲಕ್ಕೆ ಇನ್ನೊಂದು. 100 ಮಿ.ಮೀ. ಗೆರೆಯೊಂದನ್ನು ಪ್ರಿಂಟ್ ಮಾಡಿ ವರ್ನಿಯರ್‌ನಲ್ಲಿ ಅಳೆದು ನೋಡಿ, ಕಾಲು ಮಿ.ಮೀ. ವ್ಯತ್ಯಾಸ ಕಂಡರೆ ಆಶ್ಚರ್ಯಪಡಬೇಡಿ. ಹೊರಗಡೆ ಲೇಸರ್‌ನಿಂದ ಕೊರೆಸಿದ ಸ್ಟೀಲ್ ಸ್ಟೆನ್ಸಿಲ್ ಕರಾರುವಾಕ್ಕಾಗಿರುತ್ತದೆ, ಸೊಟ್ಟ ಇರುವುದು ನಿಮ್ಮ ಬೋರ್ಡ್. ಒಂದು ತುದಿಯ ಪ್ಯಾಡ್ ಹೊಂದಿಸಿದರೆ ಇನ್ನೊಂದು ತುದಿ ತಪ್ಪುತ್ತದೆ. ಇದಕ್ಕೆ ಎರಡು ದಾರಿ. ಬೋರ್ಡನ್ನೂ ಕಾರ್ಖಾನೆಯಲ್ಲೇ ಮಾಡಿಸಿ ಅದರ ಜೊತೆಗೇ ಸ್ಟೆನ್ಸಿಲ್ ತರಿಸಿಕೊಳ್ಳುವುದು ಒಂದು. ಹಠ ಹಿಡಿದು ಎಲ್ಲ ಮನೆಯಲ್ಲೇ ಎಂದರೆ, ಬೋರ್ಡ್ ಮಾಡಿದ ಅದೇ ಪ್ರಿಂಟರ್‌ನಲ್ಲಿ, ಕಾಗದವನ್ನು ಅದೇ ದಿಕ್ಕಿನಲ್ಲಿ ಹಾಕಿ ಸ್ಟೆನ್ಸಿಲ್ ಚಿತ್ರ ತೆಗೆಯುವುದು ಇನ್ನೊಂದು. ಎರಡೂ ಒಂದೇ ರೀತಿ ಸೊಟ್ಟಗಾದರೆ ಒಂದಕ್ಕೊಂದು ಹೊಂದುತ್ತವೆ.

ಆ ಚಿತ್ರವನ್ನು 0.1 ಮಿ.ಮೀ. ಹಿತ್ತಾಳೆ ತಗಡಿಗೆ ಇಸ್ತ್ರಿಪೆಟ್ಟಿಗೆಯಿಂದ ಇಳಿಸಿ, ಹಿಂಬದಿಗೆ ಪ್ಯಾಕಿಂಗ್ ಟೇಪ್ ಅಂಟಿಸಿ, ನಿಮ್ಮ ಫೆರಿಕ್ ಕ್ಲೋರೈಡ್‌ನಲ್ಲೇ ಎಚ್ ಮಾಡಬಹುದು. ಬೋರ್ಡಿನ ತಾಮ್ರ 35 ಮೈಕ್ರಾನ್, ಇದು ಅದರ ಸುಮಾರು ಮೂರು ಪಟ್ಟು ದಪ್ಪ, ಆದ್ದರಿಂದ ಹೊತ್ತೂ ಹೆಚ್ಚು ಹಿಡಿಯುತ್ತದೆ. ಆಸಿಡ್ ಕೆಳಗೆ ಇಳಿಯುವಾಗ ಪಕ್ಕಕ್ಕೂ ತಿನ್ನುತ್ತದೆ. ಹಾಗಾಗಿ ಚಿತ್ರ ತೆಗೆಯುವಾಗಲೇ ಪ್ರತಿ ಕಿಂಡಿಯನ್ನೂ ನಾಲ್ಕೂ ಬದಿಯಲ್ಲಿ 0.1 ಮಿ.ಮೀ. ಕುಗ್ಗಿಸಿಬಿಡಿ. ವಿನೈಲ್ ಕಟರ್ ಇರುವ ಸ್ಟಿಕ್ಕರ್ ಅಂಗಡಿ ಪರಿಚಯವಿದ್ದರೆ ಓಎಚ್‌ಪಿ (ಪಾರದರ್ಶಕ ಪ್ಲಾಸ್ಟಿಕ್) ಹಾಳೆಯಲ್ಲಿ ಕೊರೆಸಿಕೊಳ್ಳಬಹುದು, 0805ಗೆ ಅದು ಸಾಕಾದೀತು. ಎಟಿಮೆಗಾದ ಕಾಲುಗಳ ನಡುವೆ ಹಾಳೆ ಹರಿಯುವ ಸಂಭವ ಹೆಚ್ಚು.

ಬೋರ್ಡಿನ ಸುತ್ತ ಅದೇ 1.6 ಮಿ.ಮೀ. ದಪ್ಪದ ಹಳೆಯ ಪಿಸಿಬಿ ತುಂಡುಗಳನ್ನು ಮೇಜಿಗೆ ಅಂಟಿಸಿ ಚೌಕಟ್ಟು ಮಾಡಿ, ಸ್ಟೆನ್ಸಿಲ್‌ನ ಒಂದು ಅಂಚನ್ನು ಟೇಪಿನಿಂದ ಬಾಗಿಲಿನಂತೆ ಕೂಡಿಸಿ. ಪೇಸ್ಟ್ ಎಳೆಯಲು ಅವಧಿ ಮುಗಿದ ಎಟಿಎಂ ಕಾರ್ಡ್ ಒಳ್ಳೆಯ ಸ್ಕ್ವೀಜಿ. ಅದನ್ನು 45ರಿಂದ 60 ಡಿಗ್ರಿ ವಾಲಿಸಿ ಒಂದೇ ದಿಕ್ಕಿಗೆ ಎಳೆಯಿರಿ. ಮತ್ತೆ ಮತ್ತೆ ಎಳೆದರೆ ಪೇಸ್ಟ್ ಸ್ಟೆನ್ಸಿಲ್ ಅಡಿಗೆ ನುಗ್ಗುತ್ತದೆ. ಪೇಸ್ಟ್ ಡಬ್ಬಿ ಫ್ರಿಜ್‌ನಲ್ಲಿರಲಿ, 2ರಿಂದ 10 ಡಿಗ್ರಿಯಲ್ಲಿ, ಊಟದ ಪದಾರ್ಥಗಳಿಂದ ಬೇರೆಯಾಗಿ ಬಿಗಿಯಾದ ಡಬ್ಬಿಯೊಳಗೆ. ಬಳಸುವ ಮೊದಲು ಮೂರ್ನಾಲ್ಕು ಗಂಟೆ ಹೊರಗಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆಗೆಯಿರಿ. ತಣ್ಣಗಿರುವಾಗ ತೆರೆದರೆ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ, ರೀಫ್ಲೋದಲ್ಲಿ, ಅಂದರೆ ಬೋರ್ಡ್ ಬಿಸಿಮಾಡಿ ಪೇಸ್ಟ್ ಕರಗಿಸುವಾಗ, ಆ ನೀರು ಸಿಡಿದು ಸೋಲ್ಡರ್ ಗುಂಡುಗಳನ್ನು ಎಲ್ಲೆಂದರಲ್ಲಿ ಎರಚುತ್ತದೆ. ಕರಾವಳಿಯ ಮಳೆಗಾಲದಲ್ಲಿ ಈ ನಿಯಮಕ್ಕೆ ಮಾಫಿಯೇ ಇಲ್ಲ. ಬೇಸಿಗೆಯಲ್ಲಿ ಅದರ ಉಲ್ಟಾ ತೊಂದರೆ: ಕೋಣೆ 35 ಡಿಗ್ರಿ ದಾಟಿದರೆ ಪೇಸ್ಟ್ ತೆಳುವಾಗಿ ಪ್ಯಾಡಿನಿಂದ ಹೊರಗೆ ಹರಡುತ್ತದೆ. ಬೆಳಿಗ್ಗೆ ಬೇಗ ಆ ಕೆಲಸ ಮುಗಿಸಿಬಿಡಿ.

ಇಲ್ಲಿ ಇನ್ನೊಂದು ಮಾತು. ನಿಮ್ಮ ಬೋರ್ಡಿನ ಮೇಲೆ ಸೋಲ್ಡರ್ ಮಾಸ್ಕ್ (ಪ್ಯಾಡ್ ಬಿಟ್ಟು ಉಳಿದ ತಾಮ್ರವನ್ನು ಮುಚ್ಚುವ ಲೇಪ) ಇಲ್ಲ. ಕರಗಿದ ಸೋಲ್ಡರ್ ಪ್ಯಾಡಿನಲ್ಲಿ ನಿಲ್ಲದೆ ತಾಮ್ರದ ಗೆರೆಯ ಉದ್ದಕ್ಕೂ ಓಡುತ್ತದೆ, ಪೇಸ್ಟ್ ಎಷ್ಟು ಅಳತೆಯಲ್ಲಿಟ್ಟರೂ ಜಾಯಿಂಟ್ ಸೊರಗುತ್ತದೆ. ಯುವಿ ಬೆಳಕಿಗೆ ಗಟ್ಟಿಯಾಗುವ ಹಸಿರು ಮಾಸ್ಕ್ ಸಿರಿಂಜ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಪ್ಯಾಡ್‌ಗಳ ಮೇಲೆ ಕಪ್ಪು ಬರುವಂತೆ ಫಿಲ್ಮ್ ತೆಗೆದು ಮಾಸ್ಕ್ ಮೇಲಿಟ್ಟು ಬೆಳಕಿಗೆ ಒಡ್ಡಿ. ಅಷ್ಟೂ ಮಾಡುವಾಗ ಅನಿಸಬಹುದು, ಬೋರ್ಡ್ ಹೊರಗೇ ಮಾಡಿಸಿದರಾಯಿತಲ್ಲ ಎಂದು. ನನ್ನ ಮತವೂ ಅದೇ. 415 ವೋಲ್ಟ್‌ನ ಮೂರು ಫೇಸ್ ಪಕ್ಕದಲ್ಲೇ ಹಾದುಹೋಗುವ, ಹಲ್ಲಿ ಇರುವೆಗಳು ಸಂಸಾರ ಹೂಡುವ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಬರಿ ತಾಮ್ರದ ಬೋರ್ಡ್ ಇಡುವುದು ನನಗೆ ಒಪ್ಪಿಗೆಯಿಲ್ಲ. ವಿನ್ಯಾಸ ಪರೀಕ್ಷೆಗೆ ಮನೆಯ ಬೋರ್ಡ್ ಇರಲಿ, ರೈತರಿಗೆ ಮಾರುವುದು ಮಾಸ್ಕ್ ಇರುವುದೇ ಆಗಿರಲಿ.

ಈಗ ಕೂರಿಸುವ ಯಂತ್ರ. ನಿಮ್ಮ ಪ್ರಿಂಟರ್‌ನ ಬೆಲ್ಟ್ 2 ಮಿ.ಮೀ. ಹಲ್ಲಿನದು, ಪುಲ್ಲಿಗೆ 20 ಹಲ್ಲು ಎಂದಾದರೆ ಒಂದು ಸುತ್ತಿಗೆ 40 ಮಿ.ಮೀ. ಮೈಕ್ರೋಸ್ಟೆಪ್ ಲೆಕ್ಕದಲ್ಲಿ ಹೆಜ್ಜೆಗೆ 0.0125 ಮಿ.ಮೀ. ಬೆಲ್ಟ್ ಸಡಿಲ, ಚಕ್ರಗಳ ಆಟ ಎಲ್ಲ ಸೇರಿ ನಿಜದಲ್ಲಿ 0.05ರಿಂದ 0.1 ಮಿ.ಮೀ. ಒಳಗೆ ಬಂದು ನಿಂತರೆ ಸಾಕು. 0805ಗೆ 0.2 ಮಿ.ಮೀ. ತಪ್ಪಿದರೂ ಚಿಂತೆಯಿಲ್ಲ, ಸೋಲ್ಡರ್ ಕರಗಿದಾಗ ಅದರ ಮೇಲ್ಮೈ ಎಳೆತವೇ ಬಿಡಿಭಾಗವನ್ನು ಎಳೆದು ಪ್ಯಾಡಿನ ನಡುವೆ ಕೂರಿಸುತ್ತದೆ. ಎಟಿಮೆಗಾದ ಕಾಲುಗಳ ಅಂತರ 0.8 ಮಿ.ಮೀ. ಅದು ಒಂದು ಡಿಗ್ರಿ ತಿರುಗಿ ಕೂತರೆ ಅಂಚಿನ ಕಾಲು 0.08 ಮಿ.ಮೀ.ಯಷ್ಟೇ ಸರಿಯುತ್ತದೆ, ಅದೂ ಸಹ್ಯ. ಹೀಗಾಗಿ ನಿಖರತೆ ನಿಮಗೆ ದೊಡ್ಡ ಸಮಸ್ಯೆಯೇ ಅಲ್ಲ.

ಸಮಸ್ಯೆ ಇರುವುದು ಬಿಡಿಭಾಗವನ್ನು ಸೂಜಿಯ ಕೆಳಗೆ ತಂದುಕೊಡುವುದರಲ್ಲಿ. ಕೊಳ್ಳುವ ಯಂತ್ರಗಳ ಬೆಲೆಯಲ್ಲಿ ದೊಡ್ಡ ಪಾಲು ಹೀಗೆ ತಂದುಕೊಡುವ ಫೀಡರ್‌ಗಳದ್ದು, ಕೈಯಿಂದ ಕಟ್ಟುವವರ ತಾಳ್ಮೆ ಕೆಡುವುದೂ ಅಲ್ಲೇ. ಬಿಡಿಭಾಗಗಳು ಸಾಲಾಗಿ ಕೂತು ಬರುವ ಟೇಪನ್ನು ಮೋಟರ್ ಹಾಕಿ ಎಳೆಯಬೇಕು, ಮೇಲಿನ ಪ್ಲಾಸ್ಟಿಕ್ ಪಟ್ಟಿ ಸುಲಿಯಬೇಕು, ಸುಲಿಯುವಾಗ ಹುಟ್ಟುವ ಸ್ಥಾಯೀ ವಿದ್ಯುತ್ತಿಗೆ ಬಿಡಿಭಾಗ ಹಾರದಂತೆ ನೋಡಿಕೊಳ್ಳಬೇಕು. ಆದರೆ ನಿಮ್ಮ ಬ್ಯಾಚ್‌ನ ಗಾತ್ರ ಇಲ್ಲಿ ನಿಮ್ಮನ್ನು ಕಾಪಾಡುತ್ತದೆ. 0805 ಬರುವುದು 8 ಮಿ.ಮೀ. ಅಗಲದ ಟೇಪಿನಲ್ಲಿ, 4 ಮಿ.ಮೀ.ಗೆ ಒಂದರಂತೆ. 20 ಸೆಂ.ಮೀ. ತುಂಡಿನಲ್ಲಿ 50 ಬಿಡಿಭಾಗ. ಒಂದು ಬೋರ್ಡಿಗೆ ಎರಡು ಬಳಸುವ ಬೆಲೆಯ ರೆಸಿಸ್ಟರ್‌ಗೆ 25 ಬೋರ್ಡಿಗೆ ಬೇಕಾದದ್ದು ಸರಿಯಾಗಿ 50! ಅಂದರೆ ರೀಲಿನಿಂದ ಒಂದು ಗೇಣಿನಷ್ಟು ಕತ್ತರಿಸಿ, 3ಡಿ ಪ್ರಿಂಟ್ ಮಾಡಿದ ತೋಡಿನಲ್ಲಿ ಜಾರಿಸಿ, ಮೇಲಿನ ಪಟ್ಟಿ ಸುಲಿದು ಇಟ್ಟುಬಿಟ್ಟರೆ ಆಯಿತು. ಏನೂ ಚಲಿಸುವುದಿಲ್ಲ, ಕೆಡುವಂಥದ್ದೂ ಏನಿಲ್ಲ. ಸೂಜಿ ಮುಂದಿನ ಗೂಡಿಗೆ ಹೋಗುತ್ತದೆ ಅಷ್ಟೆ. 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್‌ನಂಥ ಹೆಚ್ಚು ಬಳಕೆಯವಕ್ಕೆ ಎರಡು ಮೂರು ಪಟ್ಟಿ ಇಡಿ, ಜಾಗ ಸಾಲದಿದ್ದರೆ ಅರ್ಧ ಬ್ಯಾಚ್ ಆದ ಮೇಲೆ ಮತ್ತೆ ತುಂಬಿ.

ನಿಮ್ಮ ಪ್ರಿಂಟರ್‌ನಲ್ಲಿ ಹಾಸಿಗೆ ಓಡಾಡುತ್ತದೆ ಎಂಬುದು ಒಂದು ಅನನುಕೂಲ. ಹಸಿ ಪೇಸ್ಟಿನ ಮೇಲೆ ಕೂತ ಬಿಡಿಭಾಗಗಳೂ ಸುಲಿದ ಟೇಪಿನ ಗೂಡಿನಲ್ಲಿರುವವೂ ಹಾಸಿಗೆ ಜರ್ಕ್ ಹೊಡೆದಾಗ ಕದಲುತ್ತವೆ. ಗೂಡಿನಲ್ಲೇ ಮಗುಚಿ ಬಿದ್ದ ರೆಸಿಸ್ಟರ್‌ಗಳನ್ನು ಯಂತ್ರ ಏನೂ ಗೊತ್ತಿಲ್ಲದಂತೆ ತಲೆಕೆಳಗಾಗಿ ಕೂರಿಸುತ್ತದೆ. ವಿದ್ಯುತ್ತಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ, ನೋಡಲು ಮಾತ್ರ ಅಸಹ್ಯ. ಹಾಸಿಗೆಯ ವೇಗೋತ್ಕರ್ಷವನ್ನು 500 ಮಿ.ಮೀ./ಸೆ²ಗಿಂತ ಕೆಳಗೆ ಇಳಿಸಿದರೆ ತೊಂದರೆ ಬಹುಪಾಲು ನಿಲ್ಲುತ್ತದೆ. ಹೊಸದಾಗಿ ಚೌಕಟ್ಟು ಕಟ್ಟುವವರು ಮಾತ್ರ ಹಾಸಿಗೆ ಸ್ಥಿರವಾಗಿದ್ದು ತಲೆಯೇ ಎರಡೂ ದಿಕ್ಕಿಗೆ ಓಡಾಡುವ ವಿನ್ಯಾಸ ಆರಿಸಿಕೊಳ್ಳಲಿ.

ಪ್ರಿಂಟರ್‌ನ ಕಂಟ್ರೋಲ್ ಬೋರ್ಡ್ ನಿಮಗೆ ಬೇಕಾದದ್ದೆಲ್ಲ ಆಗಲೇ ಇಟ್ಟುಕೊಂಡಿದೆ. ಪ್ಲಾಸ್ಟಿಕ್ ತಳ್ಳುವ ಎಕ್ಸ್‌ಟ್ರೂಡರ್ ಮೋಟರ್‌ನ ಔಟ್‌ಪುಟ್ ಈಗ ಸೂಜಿ ತಿರುಗಿಸುವುದಕ್ಕೆ. ಅಲ್ಲಿಗೆ ನಡುವೆ ಟೊಳ್ಳಿರುವ ಶಾಫ್ಟ್‌ನ ಪುಟ್ಟ ನೆಮಾ 8 ಮೋಟರ್ ಹಾಕಿದರೆ ಶಾಫ್ಟ್‌ನೊಳಗಿಂದಲೇ ಗಾಳಿ ಎಳೆಯಬಹುದು. ಒಂದು ಡಿಗ್ರಿಗೆ 8.89 ಮೈಕ್ರೋಸ್ಟೆಪ್ ಎಂದು ಹೊಂದಿಸಿ. ನಾಜಲ್ ಬಿಸಿಯಾಗದೆ ಈ ಮೋಟರ್ ತಿರುಗಿಸಲು ಪ್ರಿಂಟರ್ ನಡೆಸುವ ಮಾರ್ಲಿನ್ ತಂತ್ರಾಂಶ ಒಪ್ಪುವುದಿಲ್ಲ, ಎಂ302 ಆದೇಶ ಕೊಟ್ಟು ಆ ಕಾವಲನ್ನು ತೆಗೆಯಬೇಕು. ಫ್ಯಾನಿನ ಔಟ್‌ಪುಟ್ ವ್ಯಾಕ್ಯೂಮ್ ವಾಲ್ವ್‌ಗೆ: ಎಂ106ಗೆ ಹಿಡಿ, ಎಂ107ಗೆ ಬಿಡು. ವಾಲ್ವ್‌ನ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ ಹಾಕುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಬೋರ್ಡಿನಲ್ಲಿ ಅದಕ್ಕೆ ಕರೆಂಟ್ ಬಿಡುವ ಮಾಸ್ಫೆಟ್ ಸತ್ತಂತೆಯೇ.

ವ್ಯಾಕ್ಯೂಮ್ ಬಗ್ಗೆ ಜನ ಅಗತ್ಯಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುತ್ತಾರೆ. 0.5 ಮಿ.ಮೀ. ತೂತಿನ ಸೂಜಿಯಲ್ಲಿ ಅರ್ಧ ವಾತಾವರಣದ ಎಳೆತ ಇದ್ದರೆ ಸುಮಾರು 1 ಗ್ರಾಂ ತೂಕ ಹಿಡಿಯುವ ಬಲ. 0805 ರೆಸಿಸ್ಟರ್‌ನ ತೂಕ ಸುಮಾರು 5 ಮಿಲಿಗ್ರಾಂ. ಇನ್ನೂರು ಪಟ್ಟು ಬಲ ಕೈಯಲ್ಲಿದೆ, 12 ವೋಲ್ಟ್‌ನ ಚಿಕ್ಕ ಡಯಾಫ್ರಮ್ ಪಂಪ್ ಬೇಕಾದಷ್ಟಾಯಿತು. ಕಷ್ಟ ಹಿಡಿಯುವುದರಲ್ಲಿಲ್ಲ, ಬಿಡುವುದರಲ್ಲಿದೆ. ಪಂಪ್ ಆಫ್ ಮಾಡಿದರೂ ಪೈಪಿನಲ್ಲಿ ನಿರ್ವಾತ ಉಳಿದು ಬಿಡಿಭಾಗ ಸೂಜಿಯ ಜೊತೆಗೇ ಮೇಲೆದ್ದು ಬರುತ್ತದೆ. ಪಂಪ್ ಸದಾ ಓಡುತ್ತಿರಲಿ, ಮೂರು ಬಾಯಿಯ ವಾಲ್ವ್ ಸೂಜಿಯನ್ನು ಒಮ್ಮೆ ಪಂಪ್‌ಗೆ, ಒಮ್ಮೆ ಹೊರಗಾಳಿಗೆ ಕೂಡಿಸಲಿ. ಸೂಜಿ ಮೇಲಕ್ಕೆ ಕೆಳಕ್ಕೆ ಒಂದೆರಡು ಮಿ.ಮೀ. ಒತ್ತಿಕೊಳ್ಳುವಂತೆ ಮೆದು ಸ್ಪ್ರಿಂಗ್ ಇರಲಿ, ಬೋರ್ಡಿನ ಅಂಕುಡೊಂಕನ್ನು ಅದು ನುಂಗಿಕೊಳ್ಳುತ್ತದೆ. ಸೂಜಿಯನ್ನು ಸಿರಿಂಜ್‌ನಿಂದ ಕತ್ತರಿಸಿ ಮಾಡುವುದಕ್ಕಿಂತ ಜೂಕಿ ಕಂಪನಿಯ ಯಂತ್ರಗಳ ಮಾದರಿಯ ನಾಜಲ್‌ಗಳನ್ನೇ ಕೊಳ್ಳುವುದು ಲೇಸು, ತುದಿ ಸಮತಟ್ಟಾಗಿರುತ್ತದೆ.

ಇದನ್ನೆಲ್ಲ ಆಡಿಸುವ ತಂತ್ರಾಂಶ ಓಪನ್‌ಪಿಎನ್‌ಪಿ. ಜೇಸನ್ ವಾನ್ ನೀಡಾ ಶುರುಮಾಡಿದ ಮುಕ್ತ ತಂತ್ರಾಂಶ ಅದು, ಖರ್ಚಿಲ್ಲ. ಜಿ-ಕೋಡ್ (ಯಂತ್ರವನ್ನು ಚಲಿಸುವ ಆದೇಶಗಳ ಭಾಷೆ) ಅರ್ಥವಾಗುವ ಯಾವ ಕಂಟ್ರೋಲ್ ಬೋರ್ಡಿಗೂ ಹೊಂದುತ್ತದೆ, ಪ್ರತಿ ಚಲನೆಯ ಕೊನೆಗೆ ಎಂ400 ಸೇರಿಸಿ, ಯಂತ್ರ ನಿಂತ ಮೇಲೆಯೇ ಕ್ಯಾಮೆರಾ ಚಿತ್ರ ತೆಗೆಯುವಂತೆ ಮಾಡಿ. ತಲೆಗೆ ಕೆಳಮುಖವಾಗಿ ಒಂದು ಯುಎಸ್‌ಬಿ ಕ್ಯಾಮೆರಾ, ಸುತ್ತ ಎಲ್‌ಇಡಿ ಬೆಳಕು, ಬೆಳಕಿನ ಮುಂದೆ ಹಾಲುಬಣ್ಣದ ಪ್ಲಾಸ್ಟಿಕ್. ಕ್ಯಾಮೆರಾಕ್ಕೆ ಗುರುತಾಗಿ ಪಿಸಿಬಿಯಲ್ಲಿ 1 ಮಿ.ಮೀ. ವ್ಯಾಸದ ದುಂಡು ತಾಮ್ರದ ಚುಕ್ಕಿಗಳು ಮೂರು, ಪ್ರತಿಯೊಂದರ ಸುತ್ತ 3 ಮಿ.ಮೀ. ಖಾಲಿ ಜಾಗ. ಎರಡಲ್ಲ, ಮೂರು. ಮೂರಿದ್ದರೆ ತಂತ್ರಾಂಶ ಬೋರ್ಡ್ ಎಷ್ಟು ತಿರುಗಿದೆ ಎಂಬುದರ ಜೊತೆಗೆ ಉದ್ದಕ್ಕೆ, ಅಗಲಕ್ಕೆ ಎಷ್ಟೆಷ್ಟು ಹಿಗ್ಗಿದೆ ಎಂಬುದನ್ನೂ ಲೆಕ್ಕ ಹಾಕಿ ಎಲ್ಲ ಜಾಗಗಳನ್ನೂ ಸರಿಪಡಿಸಿಕೊಳ್ಳುತ್ತದೆ. ಆಗ ಟೋನರ್ ಬೋರ್ಡಿನ ಸೊಟ್ಟತನ ಕೂರಿಸುವ ಯಂತ್ರಕ್ಕೆ ಬಾಧಿಸುವುದೇ ಇಲ್ಲ.

ಅರ್ಧ ಯಂತ್ರ ಎಂದೆನಲ್ಲ, ಅದು ಹೀಗೆ: ಪೂರ್ಣ ಯಂತ್ರಗಳಲ್ಲಿ ಕೆಳಗಿನಿಂದ ಮೇಲೆ ನೋಡುವ ಎರಡನೇ ಕ್ಯಾಮೆರಾ ಇರುತ್ತದೆ, ಸೂಜಿ ಹಿಡಿದ ಬಿಡಿಭಾಗ ಎಷ್ಟು ಓರೆಯಾಗಿದೆ ಎಂದು ಅಳೆಯುವುದಕ್ಕೆ. ಓಡಾಡುವ ಹಾಸಿಗೆಯಲ್ಲಿ ಅದನ್ನು ಕೂರಿಸುವುದು ಕಿರಿಕಿರಿ. ಎರಡು ಕ್ಯಾಮೆರಾ ಒಂದೇ ಯುಎಸ್‌ಬಿ ಹಬ್‌ನಲ್ಲಿ ಸರಿಯಾಗಿ ಓಡದೆ ಜಗಳವಾಡುವುದೂ ಇದೆ. 0805ಗೆ ಅದು ಬೇಕೇ ಬೇಕೆಂದಿಲ್ಲ, ಗೂಡಿನೊಳಗಿನ ಸಡಿಲವನ್ನು ರೀಫ್ಲೋ ಸರಿಮಾಡುತ್ತದೆ. ಅದು ನಿಜವಾಗಿ ಬೇಕಾಗುವುದು ಎಟಿಮೆಗಾಕ್ಕೆ. ಬೋರ್ಡಿಗೆ ಒಂದೇ ಒಂದು ಎಟಿಮೆಗಾ, ಒಂದು ಜಿಎಸ್‌ಎಂ ಮಾಡ್ಯೂಲ್. ಆ ಎರಡನ್ನೂ ಕೈಯಿಂದಲೇ ಇಡಿ. ವೇಗದ ಬಗ್ಗೆ ದೊಡ್ಡ ಆಸೆ ಬೇಡ. ಒಂದು ಸೂಜಿಯ ಯಂತ್ರ ಒಂದಕ್ಕೆ ಐದಾರು ಸೆಕೆಂಡ್ ತೆಗೆದುಕೊಳ್ಳುತ್ತದೆ, ಚುರುಕು ಕೈ ಎಂಟು ಹತ್ತು. 25 ಬೋರ್ಡಿಗೆ ಹೆಚ್ಚುಕಡಿಮೆ ಎರಡು ಗಂಟೆ ಯಂತ್ರ ದುಡಿಯುವಾಗ ನೀವು ಪಕ್ಕದಲ್ಲಿ ರಿಲೇ ಜೋಡಿಸುತ್ತಿರಬಹುದು, ಲಾಭ ಅದು.

ಎರಡನೇ ಕ್ಯಾಮೆರಾ, ಫೀಡರ್ ಎಲ್ಲ ಬೇಕು ಎನ್ನುವ ದಿನ ಬಂದರೆ ಈ ಪ್ರಿಂಟರ್ ಬಿಟ್ಟು ಒಪುಲೋ ಕಂಪನಿಯ ಲ್ಯೂಮೆನ್‌ಪಿಎನ್‌ಪಿ ಎಂಬ ಕೂರಿಸುವ ಯಂತ್ರದ ವಿನ್ಯಾಸ ನೋಡಿ. ಅದರ ನಕ್ಷೆಗಳು ಮುಕ್ತ, ಭಾಗಗಳಲ್ಲಿ ಬಹಳಷ್ಟನ್ನು ಮನೆಯಲ್ಲೇ ಪ್ರಿಂಟ್ ಮಾಡಬಹುದು. ವರ್ಷಕ್ಕೆ ಒಂದೋ ಎರಡೋ ದೊಡ್ಡ ಬ್ಯಾಚ್ ಮಾತ್ರ ಇದ್ದರೆ ಯಂತ್ರ ಕಟ್ಟುವ ಮೊದಲು ಪೀಣ್ಯದ ಕಡೆ ಜಾಬ್‌ವರ್ಕ್ ಮಾಡುವವರ ದರವನ್ನೂ ಒಮ್ಮೆ ಕೇಳಿ ಬನ್ನಿ.

ಕೂರಿಸುವ ಜಾಗಗಳ ಪಟ್ಟಿಯನ್ನು ಬೋರ್ಡ್ ವಿನ್ಯಾಸ ಮಾಡುವ ತಂತ್ರಾಂಶ ಕೀಕ್ಯಾಡ್ ತಾನೇ ಕೊಡುತ್ತದೆ, ಓಪನ್‌ಪಿಎನ್‌ಪಿ ಅದನ್ನು ಓದುತ್ತದೆ. ಅಲ್ಲಿ ಕಾಡುವುದು ದಿಕ್ಕು. ಕೀಕ್ಯಾಡ್‌ನ ಸೊನ್ನೆ ಡಿಗ್ರಿಗೂ ಟೇಪಿನಲ್ಲಿ ಬಿಡಿಭಾಗ ಮಲಗಿರುವ ದಿಕ್ಕಿಗೂ ಸಂಬಂಧ ಇರಬೇಕೆಂದೇನಿಲ್ಲ. ರೆಸಿಸ್ಟರ್ ತಿರುಗಿದರೂ ನಡೆಯುತ್ತದೆ, ಡಯೋಡ್, ಎಲ್‌ಇಡಿ, ಟ್ಯಾಂಟಲಮ್ ಕೆಪ್ಯಾಸಿಟರ್ ನಡೆಯುವುದಿಲ್ಲ. ಮೊದಲ ಬೋರ್ಡನ್ನು ಪೇಸ್ಟ್ ಇಲ್ಲದೆ, ಎರಡು ಬದಿಯ ಟೇಪ್ ಅಂಟಿಸಿದ ಖಾಲಿ ಪಿಸಿಬಿ ಮೇಲೆ ಕೂರಿಸಿ, ಲೆನ್ಸ್ ಹಿಡಿದು ಧ್ರುವ ಇರುವ ಎಲ್ಲವನ್ನೂ ಪರೀಕ್ಷಿಸಿ. ಟ್ಯಾಂಟಲಮ್ ಉಲ್ಟಾ ಕೂತರೆ ಕರೆಂಟ್ ಕೊಟ್ಟಾಗ ಹೊತ್ತಿಕೊಳ್ಳುತ್ತದೆ.

ಪೇಸ್ಟ್ ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. 138 ಡಿಗ್ರಿಗೇ ಕರಗುವ ತವರ-ಬಿಸ್ಮತ್ ಪೇಸ್ಟ್ ಮನೆಯಲ್ಲಿ ಮಾಡುವವರಿಗೆ ಆಕರ್ಷಕವಾಗಿ ಕಾಣುತ್ತದೆ. ನಿಮಗೆ ಅದು ಬೇಡ. ಬಿಸ್ಮತ್ ಜಾಯಿಂಟ್ ಪೆಡಸು, ಪಂಪ್‌ಗೆ ಕರೆಂಟ್ ಹರಿಸುವ ಕಾಂಟ್ಯಾಕ್ಟರ್‌ನ ಬಡಿತದ ಅದುರಿಗೆ ಬಿರುಕು ಬಿಡಬಹುದು. ಅದಕ್ಕಿಂತ ದೊಡ್ಡ ಅಪಾಯ, ಬೋರ್ಡಿನ ತಾಮ್ರಕ್ಕೆ ನೀವು ಸೀಸದ ಸೋಲ್ಡರ್‌ನಿಂದ ತವರ ಬಳಿದಿದ್ದರೆ ತವರ, ಸೀಸ, ಬಿಸ್ಮತ್ ಮೂರೂ ಬೆರೆತು 96 ಡಿಗ್ರಿಗೇ ಕರಗುವ ಮಿಶ್ರಣವಾಗುತ್ತದೆ. ಬಿಸಿಲಿನಲ್ಲಿ ನಿಂತ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ರೆಗ್ಯುಲೇಟರ್ ಪಕ್ಕದ ಜಾಯಿಂಟ್‌ಗೆ ಆ ಬಿಸಿ ದೂರದ ಮಾತಲ್ಲ. ಮನೆಯ ಬೋರ್ಡಿಗೆ 183 ಡಿಗ್ರಿಗೆ ಕರಗುವ 63/37 ತವರ-ಸೀಸವೇ ಸರಳ: 150ಕ್ಕೆ ಏರಿಸಿ, 150ರಿಂದ 180ರ ನಡುವೆ ಒಂದೂವರೆ ನಿಮಿಷ ಇಟ್ಟು, 210-215ಕ್ಕೆ ಮುಟ್ಟಿಸಿ, ಸೋಲ್ಡರ್ ಕರಗಿದ ಸ್ಥಿತಿಯಲ್ಲಿ ಒಂದು ನಿಮಿಷದೊಳಗೆ ಮುಗಿಸಿ ಇಳಿಸಿ. ಬಿಡಿಭಾಗ ಒಂದೇ ಬದಿಯಲ್ಲಿರುವ ಬೋರ್ಡಿಗೆ ಹಾಟ್‌ಪ್ಲೇಟ್ ಸಾಕು, ಆದರೆ ಬೋರ್ಡಿನ ಮೇಲ್ಮೈಗೆ ಥರ್ಮೋಕಪಲ್ ಅಂಟಿಸಿ ಅಳೆಯಿರಿ, ಪ್ಲೇಟಿನ ಡಯಲ್ ತೋರಿಸುವ ಅಂಕಿಯನ್ನು ನಂಬಬೇಡಿ. ರೀಫ್ಲೋ ನಡುವೆ ಕರೆಂಟ್ ಹೋದರೆ ಬೋರ್ಡನ್ನು ಕದಲಿಸದೆ ಪೂರ್ತಿ ಆರಲು ಬಿಡಿ. ಪೇಸ್ಟ್ ಆಗಲೇ ಕರಗಿ ಹೊಳೆಯುತ್ತಿದ್ದರೆ ಲೆನ್ಸ್‌ನಲ್ಲಿ ನೋಡಿ ಮುಂದುವರಿಯಿರಿ, ಇನ್ನೂ ಬೂದುಬಣ್ಣದ ಪುಡಿಯಂತಿದ್ದರೆ ಮತ್ತೆ ಬಿಸಿ ಮಾಡುವ ಮೊದಲು ಸ್ವಲ್ಪ ದ್ರವ ಫ್ಲಕ್ಸ್ ಹಾಕಿ.